ತ್ಸಾವೋ ಸಿಂಹಗಳ ಸಿನಿಮಾ ಮತ್ತು ಅದು ಕಲಿಸದೆ ಬಿಟ್ಟ ಪಾಠ

ನರಭಕ್ಷಕ ಪ್ರಾಣಿಗಳ ಬೇಟೆಯ ಬಗ್ಗೆ ಬಂದ ಸಿನಿಮಾಗಳಲ್ಲಿ ನೋಡುಗರ ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತದ್ದು 1996ರ ‘ದಿ ಘೋಸ್ಟ್ ಅಂಡ್ ದಿ ಡಾರ್ಕ್‌ನೆಸ್’. ಇಂದಿನ ಕೀನ್ಯಾ ದೇಶದ ತ್ಸಾವೋ ನದಿಗೆ ಬ್ರಿಟಿಷರು ರೈಲು ಸೇತುವೆ ಕಟ್ಟಿಸುತ್ತಿದ್ದ 1898ರಲ್ಲಿ ಎರಡು ಗಂಡು ಸಿಂಹಗಳು ತಿಂಗಳುಗಟ್ಟಲೆ ಕೂಲಿಗಳ ಬಿಡಾರಕ್ಕೆ ನುಗ್ಗಿ ಮನುಷ್ಯರನ್ನು ಹೊತ್ತೊಯ್ದವು. ಕೊನೆಗೆ ಅವನ್ನು ಹೊಡೆದವನು ಸೇತುವೆಯ ಎಂಜಿನಿಯರ್ ಜಾನ್ ಹೆನ್ರಿ ಪ್ಯಾಟರ್‌ಸನ್. ಅವನು 1907ರಲ್ಲಿ ಪ್ರಕಟಿಸಿದ ಪುಸ್ತಕವೇ ಚಿತ್ರಕ್ಕೆ ಆಧಾರ. ವಿಲಿಯಂ ಗೋಲ್ಡ್‌ಮನ್ ಚಿತ್ರಕತೆ ಬರೆದರು, ಸ್ಟೀಫನ್ ಹಾಪ್ಕಿನ್ಸ್ ನಿರ್ದೇಶಿಸಿದರು, ವಾಲ್ ಕಿಲ್ಮರ್ ಪ್ಯಾಟರ್‌ಸನ್ ಆದರು. ಚಿತ್ರ ನೋಡಿದವರು ಅದರಿಂದ ಬದುಕಿಗೆ ಒದಗುವ ಪಾಠಗಳನ್ನು ಆಯ್ದುಕೊಳ್ಳುವುದುಂಟು. ಪರೀಕ್ಷಿಸದ ಆಯುಧ ಹಿಡಿದು ಕಾಳಗಕ್ಕೆ ಇಳಿಯಬಾರದು, ಪೆಟ್ಟು ತಿಂದವನು ಮತ್ತೆ ಎದ್ದು ನಿಲ್ಲಬೇಕು, ಭಯವಿದ್ದೂ ಹೆಜ್ಜೆ ಮುಂದಿಟ್ಟವನೇ ಧೀರ ಎಂಬಂಥವು. ಇವು ಯಾವುವೂ ಸುಳ್ಳಲ್ಲ. ಆದರೆ ಎಲ್ಲವೂ ಕೋವಿ ಹಿಡಿದವನಿಗೆ ಹೇಳಿದ ಪಾಠಗಳು. ತ್ಸಾವೋದಲ್ಲಿ ಕೋವಿ ಇದ್ದದ್ದು ಬೆರಳೆಣಿಕೆಯ ಕೈಗಳಲ್ಲಿ. ಡೇರೆಯ ಬಟ್ಟೆಯನ್ನೂ ಮುಳ್ಳುಬೇಲಿಯನ್ನೂ ನಂಬಿ ರಾತ್ರಿ ಕಣ್ಣು ಮುಚ್ಚಿದವರು ಅದರ ಎಷ್ಟೋ ಪಟ್ಟು. ಆ ನಿರಾಯುಧರು ಕಲಿತು ನಡೆದು ತೋರಿಸಿದ ಪಾಠವೊಂದಿದೆ. ನನ್ನ ದೃಷ್ಟಿಯಲ್ಲಿ ಈ ಇಡೀ ಕತೆಯಲ್ಲಿ ಅದೇ ದೊಡ್ಡದು. ಸಿನಿಮಾ ಅದನ್ನು ಕೈಬಿಟ್ಟಿತು.

ಸಿನಿಮಾಕ್ಕೆ ಸಲ್ಲಬೇಕಾದದ್ದು ಮೊದಲು ಸಲ್ಲಲಿ. ಆಳೆತ್ತರದ ಹುಲ್ಲು, ಅದರೊಳಗೆ ಸರಿಯುವ ಏನೋ ಒಂದು, ಅದನ್ನು ಕಾಣುವ ಮೊದಲೇ ಕಿವಿಗೆ ಬಿದ್ದು ಮೈ ಬಿಗಿಯಾಗಿಸುವ ಸದ್ದು, ಇವನ್ನು ಈ ಚಿತ್ರದಷ್ಟು ಚೆನ್ನಾಗಿ ಕಟ್ಟಿದವರು ಕಡಿಮೆ. ಧ್ವನಿ ಸಂಕಲನಕ್ಕೆ ಅದಕ್ಕೆ ಆಸ್ಕರ್ ಬಂದದ್ದು ನ್ಯಾಯವೇ. ಮರಸು ಕೂತ ರಾತ್ರಿಯ ದೃಶ್ಯವಂತೂ ಕಲ್ಪನೆಯದ್ದಲ್ಲ. ಪ್ಯಾಟರ್‌ಸನ್ ನಾಲ್ಕು ಗಳ ನೆಟ್ಟು ಮೇಲೊಂದು ಹಲಗೆ ಕಟ್ಟಿ, ಅಲ್ಲಾಡುವ ಆ ಅಟ್ಟಣೆಯ ಮೇಲೆ ಒಬ್ಬನೇ ಕೂತಿದ್ದ. ಸಿಂಹ ಕಟ್ಟಿದ್ದ ಬಲಿಯನ್ನು ಬಿಟ್ಟು ಅವನನ್ನೇ ಸುತ್ತತೊಡಗಿತು. ಎರಡು ತಾಸಿನ ಹೊತ್ತು ಕತ್ತಲಲ್ಲಿ ಅದರ ಸುತ್ತು ಕೇಳುತ್ತ ಕೂತವನ ತಲೆಯ ಹಿಂಭಾಗಕ್ಕೆ ಗೂಬೆಯೊಂದು ಹಾರಿಬಂದು ಬಡಿಯಿತು. ಪ್ರಾಣವೇ ಹೋದಂತಾಯಿತು ಎಂದು ಅವನೇ ಬರೆದುಕೊಂಡಿದ್ದಾನೆ. ತನ್ನ ಭಯವನ್ನು ಮುಚ್ಚಿಡದ ಈ ಪ್ರಾಮಾಣಿಕತೆ ಪುಸ್ತಕದಲ್ಲೂ ಇದೆ, ಚಿತ್ರದಲ್ಲೂ ಇದೆ. ಆ ಮಟ್ಟಿಗೆ ಧೈರ್ಯದ ಪಾಠ ಹೇಳುವ ಹಕ್ಕು ಚಿತ್ರಕ್ಕಿದೆ.

ತೊಡಕು ಆರಂಭವಾಗುವುದು ಸಿಂಹಗಳು ಹಾಗೇಕೆ ಆದವು ಎಂಬ ಪ್ರಶ್ನೆ ಬಂದಾಗ. ಚಿತ್ರದಲ್ಲಿ ಬೇಟೆಗಾರರು ಸಿಂಹಗಳ ಗುಹೆಯನ್ನು ಹುಡುಕಿ ಹೋಗುತ್ತಾರೆ, ಒಳಗೆ ರಾಶಿ ರಾಶಿ ಮನುಷ್ಯರ ಎಲುಬು. ಇವು ಹಸಿವಿಗಾಗಿ ಕೊಲ್ಲುತ್ತಿಲ್ಲ, ಕೊಲ್ಲುವ ಸಂತೋಷಕ್ಕೆ ಕೊಲ್ಲುತ್ತಿವೆ ಎಂಬ ತೀರ್ಮಾನ ಅಲ್ಲಿ ಹುಟ್ಟುತ್ತದೆ. ಅಲ್ಲಿಂದ ಮುಂದೆ ಅವು ಪ್ರಾಣಿಗಳಾಗಿ ಉಳಿಯುವುದಿಲ್ಲ, ದೆವ್ವಗಳಾಗುತ್ತವೆ. ಚಿತ್ರದ ಹೆಸರೂ ಅದನ್ನೇ ಸಾರುತ್ತದೆ. ದೆವ್ವಕ್ಕೆ ಕಾರಣ ಕೇಳುವವರಿಲ್ಲ, ಅದನ್ನು ಓಡಿಸುವವನೊಬ್ಬ ಸಿಕ್ಕರೆ ಸಾಕು. ಅದಕ್ಕೆಂದೇ ಚಿತ್ರ ರೆಮಿಂಗ್‌ಟನ್ ಎಂಬ ಅಮೆರಿಕದ ಬೇಟೆಗಾರನನ್ನು ಸೃಷ್ಟಿಸಿ ಮೈಕೇಲ್ ಡಗ್ಲಾಸ್‌ಗೆ ಆ ಪಾತ್ರ ಕೊಟ್ಟಿತು. ತ್ಸಾವೋದಲ್ಲಿ ಅಂಥವನೊಬ್ಬ ಇರಲೇ ಇಲ್ಲ. ಆ ಸೀಮೆಯ ಗಂಡು ಸಿಂಹಗಳಿಗೆ ಕೇಸರವೂ ಸಾಮಾನ್ಯವಾಗಿ ಇರುವುದಿಲ್ಲ, ಪ್ಯಾಟರ್‌ಸನ್ ಹೊಡೆದ ಎರಡಕ್ಕೂ ಇರಲಿಲ್ಲ. ಚಿತ್ರದ ಸಿಂಹಗಳಿಗೆ ಸೊಂಪಾದ ಕೇಸರವಿದೆ. ಇದು ಸಣ್ಣ ಸಂಗತಿ, ಸಿಂಹವೆಂದರೆ ಹೀಗಿರಬೇಕೆಂಬ ನೋಡುಗರ ನಿರೀಕ್ಷೆಗೆ ಕೊಟ್ಟ ರಿಯಾಯಿತಿ ಎಂದು ಬಿಡಬಹುದು. ಸಂತೋಷಕ್ಕೆ ಕೊಲ್ಲುತ್ತವೆ ಎಂದದ್ದನ್ನು ಹಾಗೆ ಬಿಡಲಾಗದು.

ಏಕೆಂದರೆ ಆ ಎರಡು ಸಿಂಹಗಳು ಇಂದಿಗೂ ಸಾಕ್ಷಿ ನುಡಿಯುತ್ತಿವೆ. ಪ್ಯಾಟರ್‌ಸನ್ ಅವುಗಳ ಚರ್ಮವನ್ನು ಕಾಲು ಶತಮಾನ ಮನೆಯ ನೆಲಕ್ಕೆ ಹಾಸಿಕೊಂಡಿದ್ದು, 1924ರಲ್ಲಿ ತಲೆಬುರುಡೆಗಳ ಜೊತೆ ಷಿಕಾಗೋದ ಫೀಲ್ಡ್ ಮ್ಯೂಸಿಯಂಗೆ 5,000 ಡಾಲರಿಗೆ ಮಾರಿದ. ಮೊದಲು ಸತ್ತ ಸಿಂಹದ ಕೋರೆಹಲ್ಲು ಮುರಿದಿತ್ತು, ಬೇರಿನಲ್ಲಿ ಕೀವು ಕಟ್ಟಿತ್ತು. ಆ ನೋವಿನ ದವಡೆಯಲ್ಲಿ ಒದೆಯುವ ಜೀಬ್ರಾವನ್ನೋ ಕಾಡೆಮ್ಮೆಯನ್ನೋ ಕಚ್ಚಿ ಹಿಡಿದು ಉಸಿರು ಕಟ್ಟಿಸುವುದು ಕಷ್ಟ. ಮನುಷ್ಯನ ಮೈ ಮೆತ್ತಗೆ, ಓಟ ನಿಧಾನ. ಪ್ರಾಣಿ ಏನು ತಿಂದಿತ್ತೋ ಅದರ ರಾಸಾಯನಿಕ ಗುರುತು ಅದರ ಕೂದಲಿನಲ್ಲೂ ಎಲುಬಿನಲ್ಲೂ ಉಳಿಯುತ್ತದೆ. ಅದನ್ನು ಅಳೆದು 2009ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಎರಡೂ ಸೇರಿ ತಿಂದದ್ದು ಸುಮಾರು 35 ಮಂದಿಯನ್ನು ಎಂದು ಬಂತು. ಅದರಲ್ಲಿ ಸುಮಾರು 24 ಮಂದಿಯ ಲೆಕ್ಕ ಹಲ್ಲು ಮುರಿದಿದ್ದ ಸಿಂಹದ್ದೇ. 2024ರಲ್ಲಿ ಅವೇ ಹಲ್ಲುಗಳ ಪೊಟರೆಯಲ್ಲಿ ಸಿಕ್ಕಿಕೊಂಡಿದ್ದ ಕೂದಲುಗಳನ್ನು ಪರೀಕ್ಷಿಸಿದಾಗ ಮನುಷ್ಯರ ಜೊತೆಗೆ ಜಿರಾಫೆ, ಜೀಬ್ರಾ, ವೈಲ್ಡ್‌ಬೀಸ್ಟ್, ಒರಿಕ್ಸ್ ಮುಂತಾದವುಗಳ ಕುರುಹು ಸಿಕ್ಕಿತು. ಅಂದರೆ ಕಾಡಿನ ಬೇಟೆಯನ್ನೂ ಬಿಡದೆ, ಸಿಕ್ಕಲ್ಲಿ ಮನುಷ್ಯನನ್ನೂ ತಿಂದ ಪ್ರಾಣಿಗಳು ಇವು. ಆ ಸೀಮೆಯಲ್ಲಿ ಸಿಂಹಕ್ಕೆ ದೊಡ್ಡ ಆಹಾರವಾಗಬೇಕಿದ್ದ ಕಾಡೆಮ್ಮೆಯ ಕುರುಹು ಮಾತ್ರ ಹೆಚ್ಚುಕಡಿಮೆ ಇಲ್ಲ.

ಕಾಡೆಮ್ಮೆ ಎಲ್ಲಿ ಹೋಯಿತು? ಇಲ್ಲಿಂದ ಕತೆ ತ್ಸಾವೋದ ಪೊದೆಗಳನ್ನು ದಾಟಿ ದೂರ ಹೋಗುತ್ತದೆ. 1887ರ ಸುಮಾರಿಗೆ ಇಟಲಿಯ ಸೈನ್ಯ ಕೆಂಪು ಸಮುದ್ರದ ಮಸ್ಸಾವಾ ಬಂದರಿಗೆ ತರಿಸಿದ ದನಗಳ ಜೊತೆ ರಿಂಡರ್‌ಪೆಸ್ಟ್ ಎಂಬ ಮಾರಿರೋಗ ಆಫ್ರಿಕಕ್ಕೆ ಇಳಿಯಿತು. ಕೆಲವೇ ವರ್ಷಗಳಲ್ಲಿ ಅದು ಪೂರ್ವ ಆಫ್ರಿಕದ ದನಗಳನ್ನೂ ಕಾಡೆಮ್ಮೆಗಳನ್ನೂ ಗುಡಿಸಿಹಾಕಿತು. ದಂತದ ವ್ಯಾಪಾರಕ್ಕೆ ಆನೆಗಳು ಬಲಿಯಾದ ಕಡೆ ಮುಳ್ಳುಪೊದೆ ದಟ್ಟವಾಗಿ ಬೆಳೆದು, ಹೊಂಚು ಹಾಕುವ ಪ್ರಾಣಿಗೆ ಒಳ್ಳೆಯ ಮರೆಯಾಯಿತು. ಒಳನಾಡಿನಿಂದ ಕರಾವಳಿಗೆ ದಂತವನ್ನೂ ಗುಲಾಮರನ್ನೂ ಸಾಗಿಸುತ್ತಿದ್ದ ತಂಡಗಳು ವರ್ಷಗಟ್ಟಲೆ ತ್ಸಾವೋ ನದಿಯನ್ನು ದಾಟಿದ್ದವು. ಸೋತು ಬಿದ್ದವರನ್ನು ಬಿದ್ದಲ್ಲೇ ಬಿಟ್ಟು ಮುಂದೆ ಹೋಗುತ್ತಿದ್ದವು. ಮನುಷ್ಯನ ಮಾಂಸದ ರುಚಿ ಆ ಕಡೆಯ ಸಿಂಹಗಳಿಗೆ ಹೊಸದಾಗಿರಲಿಲ್ಲ ಎಂದು ಇದನ್ನು ಅಧ್ಯಯನ ಮಾಡಿದವರು ಹೇಳುತ್ತಾರೆ. ಸಾಲದ್ದಕ್ಕೆ ಬರ. ಇಷ್ಟೆಲ್ಲದರ ನಡುವೆ ರೈಲ್ವೆ ಕಂತ್ರಾಟು ಸಾವಿರಾರು ಮಂದಿಯನ್ನು ತಂದು ನದಿಯ ದಡದಲ್ಲಿ, ಮೈಲಿಗಟ್ಟಲೆ ಚದುರಿದ ಡೇರೆಗಳಲ್ಲಿ ಮಲಗಿಸಿತು. ದೆವ್ವ ಬೇಕಿಲ್ಲ, ಇಷ್ಟು ಸಾಕು.

ಯಾರು ಆ ಸಾವಿರಾರು ಮಂದಿ? ಬಹುಪಾಲು ನಮ್ಮವರೇ. ಪಂಜಾಬಿನಿಂದ ಹೆಚ್ಚಾಗಿ, ಗುಜರಾತು, ಸಿಂಧ್ ಕಡೆಯಿಂದ ಒಂದಿಷ್ಟು, ಕರಾಚಿಯಲ್ಲಿ ಹಡಗು ಹತ್ತಿ ಮೊಂಬಾಸಾದಲ್ಲಿ ಇಳಿದ ಕರಾರಿನ ಕೂಲಿಗಳು. 1896ರಿಂದ 1901ರವರೆಗೆ ಮೊಂಬಾಸಾದಿಂದ ವಿಕ್ಟೋರಿಯಾ ಸರೋವರದವರೆಗೆ ಸುಮಾರು 930 ಕಿಲೋಮೀಟರ್ ಹಳಿ ಹಾಕಲು ಹೀಗೆ ಬಂದವರು ಸುಮಾರು 32,000. ಅವರಲ್ಲಿ 2,493 ಮಂದಿ ಸತ್ತರು, ಆರು ಸಾವಿರಕ್ಕೂ ಹೆಚ್ಚು ಮಂದಿ ಕೆಲಸಕ್ಕೆ ಆಗದವರಾಗಿ ಹಿಂತಿರುಗಿದರು. ಸಿಂಹಗಳು ಕೊಂದ ಭಾರತೀಯರು 28 ಎಂದು ಪ್ಯಾಟರ್‌ಸನ್ ತನ್ನ ಪುಸ್ತಕದಲ್ಲಿ ಬರೆದ. ಮುಂದೆ ಅವನೇ ಆ ಲೆಕ್ಕವನ್ನು 135ಕ್ಕೆ ಏರಿಸಿದ, ಜನ ನೆನಪಿಟ್ಟುಕೊಂಡದ್ದು ಅದನ್ನೇ. ದೊಡ್ಡ ಸಂಖ್ಯೆಯನ್ನೇ ಹಿಡಿದರೂ, ಜ್ವರ, ಆಮಶಂಕೆ, ಅಪಘಾತ, ದಣಿವು ಇವು ತಿಂದ ಜೀವಗಳ ಮುಂದೆ ಸಿಂಹಗಳ ಪಾಲು ಚಿಕ್ಕದು. ಜ್ವರದಿಂದ ಸತ್ತವನ ಬಗ್ಗೆ ಸಿನಿಮಾ ಆಗುವುದಿಲ್ಲ ಎಂಬುದು ನನಗೂ ಗೊತ್ತು. ಆದರೆ ಒಂದೇ ಹಳಿಯ ಪಕ್ಕದಲ್ಲಿ ನಡೆದ ಎರಡು ಬಗೆಯ ಸಾವುಗಳಲ್ಲಿ ಒಂದನ್ನಷ್ಟೇ ಭಯಾನಕ ಎಂದು ನೆನಪಿಟ್ಟುಕೊಳ್ಳುವ ಅಭ್ಯಾಸ ನಮ್ಮಲ್ಲಿದೆ. ಅದನ್ನು ಇಂಥ ಚಿತ್ರಗಳು ಗಟ್ಟಿ ಮಾಡುತ್ತವೆ. ಸತ್ತ ಆಫ್ರಿಕನ್ನರ ಸಂಗತಿಯಂತೂ ಇನ್ನೂ ಕೆಟ್ಟದ್ದು. ಅವರೂ ಬಹಳ ಮಂದಿ ಸತ್ತರು, ಅವರ ಅಧಿಕೃತ ಲೆಕ್ಕವನ್ನು ಇಡಲಿಲ್ಲ ಎಂದು ಪ್ಯಾಟರ್‌ಸನ್ನನೇ ಬರೆದಿದ್ದಾನೆ. ಚಿತ್ರ ಕತೆ ಹೇಳುವ ಕೆಲಸವನ್ನು ಸ್ಯಾಮ್ಯುಯೆಲ್ ಎಂಬ ಆಫ್ರಿಕನ್ನನಿಗೆ ಕೊಟ್ಟಿದೆ, ಜಾನ್ ಕಾನಿ ಅದನ್ನು ಘನತೆಯಿಂದ ಮಾಡಿದ್ದಾರೆ. ಆದರೆ ಅವನ ಜನರಲ್ಲಿ ಎಷ್ಟು ಮಂದಿ ಸತ್ತರೆಂದು ಅವನು ಎಲ್ಲೂ ಹೇಳುವುದಿಲ್ಲ.

ಈಗ ನಾನು ದೊಡ್ಡದೆಂದ ಪಾಠಕ್ಕೆ ಬರುತ್ತೇನೆ. 1898ರ ಡಿಸೆಂಬರ್ 1ರಂದು ತ್ಸಾವೋದ ಕೂಲಿಗಳು ಒಟ್ಟಾಗಿ ಪ್ಯಾಟರ್‌ಸನ್ ಬಳಿಗೆ ಬಂದರು. ಸರ್ಕಾರದ ಕೆಲಸಕ್ಕೆಂದು ಕರಾರಿಗೆ ಹೆಬ್ಬೆಟ್ಟು ಒತ್ತಿ ಭಾರತದಿಂದ ಬಂದವರು ತಾವು, ಸಿಂಹಕ್ಕೋ ದೆವ್ವಕ್ಕೋ ಆಹಾರವಾಗಲು ಬಂದವರಲ್ಲ, ಇನ್ನು ಇಲ್ಲಿರುವುದಿಲ್ಲ ಎಂಬುದು ಅವರ ಮಾತಿನ ಸಾರ. ಹೇಳಿ ಸುಮ್ಮನಾಗಲಿಲ್ಲ. ಬರುತ್ತಿದ್ದ ರೈಲಿನ ಮುಂದೆ ಹಳಿಯ ಮೇಲೆ ಅಡ್ಡ ಮಲಗಿ ಅದನ್ನು ನಿಲ್ಲಿಸಿದರು, ಗಂಟುಮೂಟೆ ಎಸೆದು ವ್ಯಾಗನ್ನುಗಳಿಗೆ ಹತ್ತಿ ನೂರಾರು ಮಂದಿ ಹೊರಟೇ ಹೋದರು. ಸೇತುವೆಯ ಕೆಲಸ ನಿಂತಿತು. ಮುಂದಿನ ಮೂರು ವಾರ ಆ ಜಾಗದಲ್ಲಿ ನಡೆದ ಕೆಲಸ ಒಂದೇ, ಉಳಿದವರಿಗೆ ಸಿಂಹ ನುಗ್ಗಲಾಗದ ಗುಡಿಸಲು ಕಟ್ಟುವುದು. ನೀರಿನ ಟ್ಯಾಂಕುಗಳ ಮೇಲೆ, ಮಾಡಿನ ಮೇಲೆ, ಸೇತುವೆಯ ತೊಲೆಗಳ ಮೇಲೆ ಮಂಚ ಏರಿದವು. ಕೆಲವರು ಡೇರೆಯೊಳಗೇ ಗುಂಡಿ ತೋಡಿ ಅದರೊಳಗೆ ಮಲಗಿ ಮೇಲೆ ದಿಮ್ಮಿ ಮುಚ್ಚಿಕೊಂಡರು. ಮರಗಳಿಗೆ ಕಟ್ಟಿದ ಹಾಸಿಗೆಗಳ ಭಾರಕ್ಕೆ ಒಂದು ಮರ ಉರುಳಿಯೂ ಬಿತ್ತು.

ಇದರ ಅರ್ಥವನ್ನು ನಿಂತು ಯೋಚಿಸಬೇಕು. ಸಿಂಹಗಳ ಕಾಟ ಶುರುವಾದದ್ದು ಪ್ಯಾಟರ್‌ಸನ್ ಅಲ್ಲಿಗೆ ಬಂದ ಮಾರ್ಚ್ ತಿಂಗಳಲ್ಲಿ. ಒಂಬತ್ತು ತಿಂಗಳು ಮುಳ್ಳುಬೇಲಿ ಎತ್ತರಿಸಿದ್ದಾಯಿತು, ಬೆಂಕಿ ಹಾಕಿದ್ದಾಯಿತು, ಆಸ್ಪತ್ರೆಯ ಜಾಗ ಬದಲಿಸಿದ್ದಾಯಿತು. ಆದರೆ ಸೇತುವೆ ನಿಲ್ಲಲಿ, ಮೊದಲು ಇವರೆಲ್ಲ ಮಲಗಲು ಭದ್ರವಾದ ಮನೆಯಾಗಲಿ ಎಂದು ಯಾರೂ ಹೇಳಲಿಲ್ಲ. ಕಾಮಗಾರಿಗೆ ಗಡುವಿತ್ತು. ಹಳಿಯ ಮೇಲೆ ಮೈ ಚಾಚಿದವರು ಆ ಕ್ರಮವನ್ನು ತಲೆಕೆಳಗು ಮಾಡಿದರು. ಮೊದಲನೆಯ ಸಿಂಹ ಗುಂಡೇಟಿಗೆ ಬಿದ್ದದ್ದು ಡಿಸೆಂಬರ್ 9ಕ್ಕೆ, ಎರಡನೆಯದು ತಿಂಗಳ ಕೊನೆಗೆ. ಅಷ್ಟರಲ್ಲಿ ಗುಡಿಸಲುಗಳ ಕೆಲಸ ಶುರುವಾಗಿತ್ತು. ಕೋವಿಯಿಲ್ಲದವರು ತಮ್ಮ ಪ್ರಾಣ ಉಳಿಸಿಕೊಳ್ಳಲು ಮಾಡಬಹುದಾದ ಅತ್ಯಂತ ವಿವೇಕದ ಕೆಲಸವನ್ನು ಅವರು ಮಾಡಿದ್ದರು. ಓಡಿಬರುವ ರೈಲಿಗೆ ಅಡ್ಡ ಮಲಗುವುದಕ್ಕೆ ಬೇಕಾದ ಎದೆಗಾರಿಕೆ ಅಟ್ಟಣೆಯ ಮೇಲೆ ಕೂರುವುದಕ್ಕಿಂತ ಕಡಿಮೆಯದೇನಲ್ಲ.

ಸಿನಿಮಾದಲ್ಲಿ ಇದು ಏನಾಯಿತು? ಕೂಲಿಗಳ ಮುಂದಾಳು ಅಬ್ದುಲ್ಲನ ಪಾತ್ರದಲ್ಲಿ ಓಂ ಪುರಿ ಇದ್ದಾರೆ, ಕಣ್ಣಲ್ಲೇ ಅರ್ಧ ಮಾತಾಡಬಲ್ಲ ನಟ. ಅವನು ತನ್ನವರನ್ನು ಕರೆದುಕೊಂಡು ರೈಲು ಹತ್ತಿ ಹೋಗುತ್ತಾನೆ. ಕಾಳಗಕ್ಕೆ ಉಳಿಯುವವರು ಪ್ಯಾಟರ್‌ಸನ್, ರೆಮಿಂಗ್‌ಟನ್, ಸ್ಯಾಮ್ಯುಯೆಲ್ ಮೂವರೇ. ಸಿಂಹಗಳು ಸತ್ತ ಮೇಲೆ ಅಬ್ದುಲ್ಲ ಜನರೊಂದಿಗೆ ಹಿಂತಿರುಗುತ್ತಾನೆ, ಸೇತುವೆ ಮುಗಿಯುತ್ತದೆ. ಹೀಗೆ ಹೆಣೆದಾಗ ಹೋದದ್ದು ಹೇಡಿತನವಾಗಿಯೂ, ಬಂದದ್ದು ಕೃತಜ್ಞತೆಯಾಗಿಯೂ ಕಾಣುತ್ತದೆ. ಬೋನಿನ ದೃಶ್ಯವೂ ಅಷ್ಟೇ. ಬೋನಿನ ಒಂದು ಭಾಗದಲ್ಲಿ ಕೋವಿ ಹಿಡಿದ ಭಾರತೀಯರನ್ನು ಬಲಿಯಾಗಿ ಕೂರಿಸುತ್ತಾರೆ, ಸಿಂಹ ಒಳಗೆ ಬೀಳುತ್ತದೆ, ಗಾಬರಿಯಲ್ಲಿ ಅವರ ಗುಂಡು ಎಲ್ಲೆಲ್ಲೋ ಹೋಗುತ್ತದೆ, ಸಿಂಹ ತಪ್ಪಿಸಿಕೊಳ್ಳುತ್ತದೆ. ನಿಜವಾಗಿಯೂ ಇಂಥದ್ದೇ ಘಟನೆ ನಡೆದಿತ್ತು, ಒಳಗಿದ್ದವರು ಸಿಪಾಯಿಗಳು. ಆರಂಭದ ಕೆಲವು ರಾತ್ರಿ ಆ ಬೋನಿನಲ್ಲಿ ಪ್ಯಾಟರ್‌ಸನ್ ತಾನೇ ಕೂತಿದ್ದ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೂ ಚಿತ್ರ ನೋಡಿದವರ ಮನಸ್ಸಿನಲ್ಲಿ ಉಳಿಯುವುದು ಗುರಿ ತಪ್ಪಿದವರ ದೌರ್ಬಲ್ಯ. ಕಂಬಿಗಳ ಆಚೆ ಕೈಯಳತೆಯಲ್ಲಿ ಗರ್ಜಿಸುವ ಸಿಂಹವನ್ನು ಇಟ್ಟುಕೊಂಡು ಕತ್ತಲಲ್ಲಿ ಕೂರುವಂತೆ ಅವರಿಗೆ ಹೇಳಿದ ಏರ್ಪಾಡಿನ ಮೇಲೆ ಯಾರ ಕಣ್ಣೂ ಹೋಗುವುದಿಲ್ಲ.

ಸಿನಿಮಾ ಇತಿಹಾಸದ ಪಠ್ಯವಲ್ಲ, ಕತೆಗೊಬ್ಬ ನಾಯಕ ಬೇಕು ಎಂದು ಆಕ್ಷೇಪ ಬರುತ್ತದೆ. ಒಪ್ಪುತ್ತೇನೆ. ಕೊನೆಗೂ ಯಾರಾದರೂ ಗುಂಡು ಹೊಡೆಯಲೇಬೇಕಿತ್ತು ಎಂಬುದನ್ನೂ ಒಪ್ಪುತ್ತೇನೆ. ಸಿಂಹಗಳನ್ನು ಕೊಲ್ಲದೆ ಆ ಸಾವುಗಳು ನಿಲ್ಲುತ್ತಿರಲಿಲ್ಲ. ಮೊದಲು ಪ್ಯಾಟರ್‌ಸನ್‌ನನ್ನೇ ಕೊಲ್ಲಲು ಸಂಚು ಮಾಡಿದ್ದ ಕೂಲಿಗಳ ನಡುವಿನಿಂದಲೇ ಅವನಿಗೆ ಬೆಳ್ಳಿಯ ಬೋಗುಣಿಯೊಂದು ಕಾಣಿಕೆಯಾಗಿ ಬಂತು. ತಾನು ಗೆದ್ದ ವಸ್ತುಗಳಲ್ಲೆಲ್ಲ ಅದೇ ಹೆಚ್ಚಿನದೆಂದು ಅವನು ಭಾವಿಸಿದ್ದ. ಆ ಕೃತಜ್ಞತೆ ನಿಜವಾದದ್ದು, ಅದನ್ನು ಹಗುರ ಮಾಡುವ ಹಕ್ಕು ನಮಗಿಲ್ಲ. ನನ್ನ ತಕರಾರು ಇಷ್ಟೇ: ಗುಂಡು ಕತೆಯ ಕೊನೆಯ ಪುಟ. ಅದೊಂದನ್ನೇ ಓದಿಸಿ ಬದುಕಿನ ಪಾಠ ಇದು ಎಂದರೆ, ಪ್ರತಿ ವಿಪತ್ತಿನಲ್ಲೂ ಜನ ಒಬ್ಬ ಗುರಿಕಾರನ ದಾರಿ ಕಾಯುತ್ತ ಕೂರುವುದನ್ನು ಕಲಿಯುತ್ತಾರೆ. ಅಷ್ಟಕ್ಕೂ ಬೇಟೆಯ ಕತೆಯಲ್ಲಿ ಕಾರಣಗಳಿಗೆ ಜಾಗವಿಲ್ಲ ಎನ್ನುವುದು ಸರಿಯಲ್ಲ. ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಅವರ ಅನುವಾದಗಳಲ್ಲಿ ಜಿಮ್ ಕಾರ್ಬೆಟ್‌ನನ್ನೂ ಬೆಂಗಳೂರಿನ ಕೆನೆತ್ ಆಂಡರ್ಸನ್‌ನನ್ನೂ ಓದಿ ಬೆಳೆದ ಕನ್ನಡ ಓದುಗರಿಗೆ ಇದು ಚೆನ್ನಾಗಿ ಗೊತ್ತು. 436 ಮಂದಿಯನ್ನು ಕೊಂದಿತೆಂದು ದಾಖಲಾದ ಚಂಪಾವತದ ಹೆಣ್ಣುಹುಲಿಯನ್ನು 1907ರಲ್ಲಿ ಹೊಡೆದ ಕಾರ್ಬೆಟ್, ಅದರ ಬಲಗಡೆಯ ಕೋರೆಹಲ್ಲುಗಳು ಹಳೆಯ ಗುಂಡೇಟಿಗೆ ಮುರಿದಿದ್ದನ್ನು ಬರೆದ. ರುದ್ರಪ್ರಯಾಗದ ಚಿರತೆ 1926ರಲ್ಲಿ ಸಾಯುವ ಮೊದಲು 125 ಮಂದಿಯನ್ನು ಕೊಂದಿತ್ತು. 1918ರ ಇನ್‌ಫ್ಲುಯೆಂಜಾದಲ್ಲಿ ಸುಡಲು ಸೌದೆಯೂ ಕೈಗಳೂ ಸಾಲದೆ ಕಣಿವೆಗೆ ಉರುಳಿಸಿದ ಹೆಣಗಳ ಜೊತೆ ಅಂಥ ಚಿರತೆಗಳ ಚಾಳಿಯನ್ನು ಅವನು ಜೋಡಿಸಿ ಹೇಳಿದ. ಕಾರಣ ಹೇಳಿದ್ದರಿಂದ ಅವನ ಕತೆಗಳ ರೋಚಕತೆ ಎಳ್ಳಷ್ಟೂ ಕಡಿಮೆಯಾಗಲಿಲ್ಲ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಕಾಡಂಚಿನಲ್ಲೇ ಇದೆ. 2019ರ ಅಕ್ಟೋಬರ್‌ನಲ್ಲಿ ಬಂಡೀಪುರದ ಅಂಚಿನ ಚೌಡಹಳ್ಳಿ ಸುತ್ತ ಇಬ್ಬರನ್ನು ಕೊಂದ ಹುಲಿಯನ್ನು ಅರಣ್ಯ ಇಲಾಖೆಯವರು ಜೀವಂತ ಹಿಡಿದರು. 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗೆ ಟಿ. ನರಸೀಪುರ ತಾಲ್ಲೂಕಿನ ಕಬ್ಬಿನ ಗದ್ದೆಗಳ ಸೀಮೆಯಲ್ಲಿ ಚಿರತೆ ದಾಳಿಗೆ ನಾಲ್ವರು ಸತ್ತರು, ಅದರಲ್ಲಿ ಎಳೆಯರೂ ಇದ್ದರು. ಇಂಥ ಪ್ರತಿ ಸಾವಿನ ಮಾರನೆಯ ದಿನ ವಾದ ಶುರುವಾಗುತ್ತದೆ. ಕಂಡಲ್ಲಿ ಗುಂಡು ಹೊಡೆಯಿರಿ ಎಂದು ಒಂದು ಕಡೆ, ಅರಿವಳಿಕೆ ಕೊಟ್ಟು ಹಿಡಿಯಿರಿ ಎಂದು ಇನ್ನೊಂದು ಕಡೆ. 1972ರ ವನ್ಯಜೀವಿ ಕಾಯಿದೆ ಇದಕ್ಕೊಂದು ದಾರಿ ಹಾಕಿಕೊಟ್ಟಿದೆ. ಹಿಡಿಯಲು, ಸ್ಥಳಾಂತರಿಸಲು ಸಾಧ್ಯವೇ ಇಲ್ಲವೆಂದಾದಾಗ ಮಾತ್ರ, ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಆದೇಶದ ಮೇಲೆ ಕೊಲ್ಲಬಹುದು. ಅದು ಸರಿಯಾದ ದಾರಿ. ಆದರೆ ಎರಡೂ ಬಣದವರ ಕಣ್ಣು ಪ್ರಾಣಿಯ ಮೇಲೇ ನೆಟ್ಟಿರುತ್ತದೆ. ಸತ್ತವನು ಆ ಹೊತ್ತಿನಲ್ಲಿ ಅಲ್ಲಿ ಏಕಿದ್ದ ಎಂಬ ಪ್ರಶ್ನೆ ಬದಿಗೆ ಸರಿಯುತ್ತದೆ.

ಅದಕ್ಕೆ ಉತ್ತರ ಕಾಡಂಚಿನ ಯಾವ ರೈತನನ್ನು ಕೇಳಿದರೂ ಸಿಗುತ್ತದೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟ್ ಎಷ್ಟೋ ಕಡೆ ಬರುವುದು ರಾತ್ರಿ, ಆದ್ದರಿಂದ ನೀರು ಕಟ್ಟಲು ರಾತ್ರಿಯೇ ಜಮೀನಿಗೆ ಹೋಗಬೇಕು. ಬೆಳೆ ಕಾಯಲು ಅಟ್ಟಣೆಯ ಮೇಲೆ ಮಲಗಬೇಕು, ಏಕೆಂದರೆ ಆನೆ, ಹಂದಿ ತಿಂದ ಬೆಳೆಗೆ ಸಿಗುವ ಪರಿಹಾರದಿಂದ ಬಿತ್ತನೆಯ ಖರ್ಚೂ ಹುಟ್ಟುವುದಿಲ್ಲ. ದನಗಳಿಗೆ ಗೋಮಾಳ ಉಳಿದಿಲ್ಲ, ಕಾಡಿನ ಅಂಚಿಗೆ ಹೊಡೆಯಬೇಕು. ಇವುಗಳಲ್ಲಿ ಯಾವುದೂ ಹುಲಿಯ ಸ್ವಭಾವಕ್ಕೆ ಸೇರಿದ್ದಲ್ಲ. ಎಲ್ಲವೂ ಕಚೇರಿಯಲ್ಲಿ ಕೂತು ಬದಲಿಸಬಹುದಾದ ಏರ್ಪಾಡುಗಳು. ಈ ಬೇಡಿಕೆ ಹಿಡಿದು ಹಳ್ಳಿಯವರು ರಸ್ತೆ ತಡೆದಾಗ, ಅಧಿಕಾರಿಗಳ ಜೀಪಿಗೆ ಅಡ್ಡ ನಿಂತಾಗ ಪಟ್ಟಣದ ನಾವು ಅದನ್ನು ಗಲಾಟೆ ಎಂದು ಓದಿ ಪುಟ ತಿರುಗಿಸುತ್ತೇವೆ, ಕಾಡಿನ ಬಗ್ಗೆ ತಿಳಿಯದವರ ಆವೇಶ ಎಂದುಕೊಳ್ಳುತ್ತೇವೆ. ತ್ಸಾವೋದ ಕೂಲಿಗಳ ನಡೆಯನ್ನು ಸಿನಿಮಾ ಓದಿದ್ದೂ ಹೀಗೆಯೇ.

ಪ್ರಾಣಿಯನ್ನು ಪ್ರೀತಿಸುವವರಿಗೂ ಇದರಲ್ಲಿ ಪಾಲಿದೆ ಎಂದು ನಾನು ನಂಬುತ್ತೇನೆ. ಮನುಷ್ಯ ಸತ್ತ ಊರಿನಲ್ಲಿ ಹುಲಿಯ ಪರವಾಗಿ ಆಡಿದ ಮಾತಿಗೆ ಬೆಲೆ ಬರುವುದಿಲ್ಲ, ಬರಬೇಕೆಂದು ಕೇಳುವುದೂ ಕ್ರೌರ್ಯ. ರೈತ ರಾತ್ರಿ ಮನೆಯಲ್ಲಿ ಮಲಗುವಂತಾದರೆ ಹುಲಿಗೆ ನರಭಕ್ಷಕ ಎಂಬ ಹಣೆಪಟ್ಟಿ ಬೀಳುವ ಸಂದರ್ಭವೇ ಕಡಿಮೆಯಾಗುತ್ತದೆ. ಹಾಗಾಗಿ ಓದುಗರಲ್ಲಿ ನನ್ನ ಕೋರಿಕೆ ಇದು. ಮುಂದಿನ ಸಲ ಇಂಥ ಸಾವಿನ ಸುದ್ದಿ ಬಂದಾಗ ಗುಂಡೋ ಬೋನೋ ಎಂಬ ವಾದಕ್ಕೆ ಸೇರುವ ಮೊದಲು, ಕಾಡಂಚಿನ ಪಂಪ್‌ಸೆಟ್ಟುಗಳಿಗೆ ಹಗಲು ಹೊತ್ತಿನಲ್ಲೇ ತ್ರೀ ಫೇಸ್ ಕರೆಂಟ್ ಕೊಡಿ ಎಂದು ಆ ಹಳ್ಳಿಗಳವರು ಸಲ್ಲಿಸುವ ಅರ್ಜಿಗೆ ನಿಮ್ಮ ಸಹಿಯನ್ನೂ ಸೇರಿಸಿ.